ಗೋಡೆಯ ನಕಾಶೆಗೂ ಒಂದು ತಾರೀಖು ಇರಲಿ

ಪಠ್ಯಪುಸ್ತಕ ಪರಿಷ್ಕರಣೆಯಾದರೆ ನಾಡೆಲ್ಲ ಚರ್ಚೆ. ತರಗತಿಯ ಗೋಡೆಯಲ್ಲಿ ತೂಗುವ ನಕಾಶೆ, ಚಾರ್ಟುಗಳನ್ನು ಮಾತ್ರ ಕೇಳುವವರಿಲ್ಲ. ಮಕ್ಕಳ ಕಣ್ಣೆದುರು ವರ್ಷವಿಡೀ ಇರುವುದು ಅವೇ.

2006ರಲ್ಲಿ ಪ್ಲೂಟೊ ಕುಬ್ಜಗ್ರಹವಾಯಿತು. 2014ರ ಜೂನ್‌ನಲ್ಲಿ ತೆಲಂಗಾಣ ಹುಟ್ಟಿತು. ಅದೇ ವರ್ಷದ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2019ರಲ್ಲಿ ಜಮ್ಮು-ಕಾಶ್ಮೀರ ಮತ್ತು ಲಡಾಖ್ ಕೇಂದ್ರಾಡಳಿತ ಪ್ರದೇಶಗಳಾದವು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ನಮ್ಮ 31ನೇ ಜಿಲ್ಲೆಯಾಯಿತು. ಹೊಸಪೇಟೆಯ ಮಗುವೊಂದು ತನ್ನ ಜಿಲ್ಲೆಯನ್ನು ನಕಾಶೆಯಲ್ಲಿ ಹುಡುಕಿ ಕಾಣದೆ ಹೋದರೆ, ಪಾಠವನ್ನು ನಂಬುವುದಾದರೂ ಹೇಗೆ?

ಹಳೆಯದನ್ನು ಎಸೆಯಬೇಕಿಲ್ಲ. ಪ್ರತಿ ಚಾರ್ಟಿನ ಮೂಲೆಯಲ್ಲಿ ಮುದ್ರಣದ ವರ್ಷ ಬರೆಯಿರಿ. ಹೊಸ ನಕಾಶೆಯ ಪಕ್ಕದಲ್ಲೇ ಹಳೆಯದನ್ನೂ ತೂಗುಹಾಕಿ, ಏನೇನು ಬದಲಾಗಿದೆ ಎಂದು ಮಕ್ಕಳಿಂದಲೇ ಹುಡುಕಿಸಿ. ಒಂದೇ ತರಗತಿಯಲ್ಲಿ ಭೂಗೋಳವೂ ಆಯಿತು, ಇತಿಹಾಸವೂ ಆಯಿತು. ಗಡಿ, ಹೆಸರು, ತಿಳಿವಳಿಕೆ ಎಲ್ಲವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡು ಕಲಿಯುತ್ತಾರೆ.

ಶಿಕ್ಷಕರೇ, ಹೊಸ ಶಾಲಾವರ್ಷ ಶುರುವಾಗುವ ಮುನ್ನ ನಿಮ್ಮ ತರಗತಿಯ ಗೋಡೆಗಳನ್ನು ಒಮ್ಮೆ ಓದಿ ನೋಡಿ. ಹಳೆಯ ವಿದ್ಯಾರ್ಥಿಗಳೇ, ಮುಂದಿನ ಸಲ ಊರಿಗೆ ಹೋಗುವಾಗ ನೀವು ಕಲಿತ ಶಾಲೆಗೆ ಒಂದು ಹೊಸ ನಕಾಶೆ ಕೊಂಡೊಯ್ಯಿರಿ.