ಮೆಲೋಲಿಂಕ್‌ನ ಸಿಟ್ಟು, ನನ್ನ ಸಿಟ್ಟು

ನನ್ನೊಳಗೆ ಹಗೆ ಇದೆ. ಅದು ಕೂಗಾಡುವುದಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ; ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿದಿರುತ್ತದೆ. ನಾನು ದುಡಿದ ಕೆಲಸಕ್ಕೆ ಬೇರೊಬ್ಬರು ಹೆಸರು ಪಡೆದದ್ದು, ನಾಲ್ಕು ಜನರೆದುರು ಯಾರೋ ಆಡಿದ ಹಗುರ ಮಾತು, ಇವು ನೆನಪಾದರೆ ಇಂದಿಗೂ ನಿದ್ದೆ ಹತ್ತುವುದಿಲ್ಲ. ಈ ಹಗೆಯನ್ನು ಕಣ್ಣಿಟ್ಟು ನೋಡುವ ಧೈರ್ಯ ಕೊಟ್ಟದ್ದು, ಹೆಚ್ಚಿನವರು ಮರೆತಿರುವ ಒಂದು ಜಪಾನಿ ಅನಿಮೆ: ‘ಆರ್ಮರ್ ಹಂಟರ್ ಮೆಲೋಲಿಂಕ್’.

ರ್ಯೋಸುಕೆ ತಕಹಾಶಿ ನಿರ್ದೇಶಿಸಿದ ‘ಆರ್ಮರ್ಡ್ ಟ್ರೂಪರ್ ವೋಟಮ್ಸ್’ 1983-84ರಲ್ಲಿ ಜಪಾನಿನ ಟಿವಿಯಲ್ಲಿ 52 ಕಂತುಗಳಲ್ಲಿ ಬಂದಿತ್ತು. ಅದರ ಕವಲಾಗಿ ಸನ್‌ರೈಸ್ ಸಂಸ್ಥೆ 1988-89ರಲ್ಲಿ 12 ಕಂತುಗಳ ಈ ಸರಣಿಯನ್ನು ವಿಡಿಯೊ ರೂಪದಲ್ಲಿ ಹೊರತಂದಿತು. ನಿರ್ದೇಶಕ ತಕೆಯುಕಿ ಕಂದ. ಮೂಲ ಸರಣಿಯ ನೆರಳಲ್ಲೇ ಇದು ಉಳಿದುಬಿಟ್ಟಿತು. ಆದರೆ ಲೋಕ ಅದೇ ಆದರೂ ಕಥೆ ಬೇರೆ; ‘ವೋಟಮ್ಸ್’ ನೋಡದವರೂ ನೇರವಾಗಿ ಇದನ್ನೇ ಹಿಡಿಯಬಹುದು.

ಮೇಲಧಿಕಾರಿಗಳು ಒಂದು ತುಕಡಿಯನ್ನು ಬೇಕೆಂದೇ ಬಲಿಕೊಟ್ಟು, ತಮ್ಮ ಕಳ್ಳತನವನ್ನು ಆ ಸೈನಿಕರ ತಲೆಗೇ ಕಟ್ಟುತ್ತಾರೆ. ಬದುಕುಳಿದವನು ಮೆಲೋಲಿಂಕ್ ಎಂಬ ಹುಡುಗ ಒಬ್ಬನೇ. ಆ ಅಧಿಕಾರಿಗಳನ್ನು ಅವನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗುತ್ತಾನೆ. ಅವರ ಕಾವಲಿಗೆ ಸುಮಾರು 4 ಮೀಟರ್ ಎತ್ತರದ ಯುದ್ಧಯಂತ್ರಗಳಿವೆ. ಇವನೋ ಬರೀ ಕಾಲಾಳು, ಕೈಯಲ್ಲಿರುವುದು ಉದ್ದನೆಯ ಹಳೆಯ ಕೋವಿ. ಯಂತ್ರವನ್ನೇರಿದ ವೀರರ ಕಥೆಗಳೇ ತುಂಬಿದ್ದ ಕಾಲದಲ್ಲಿ ಈ ಸರಣಿ ಯಂತ್ರದ ಕೆಳಗೆ ನಿಂತವನ ಕಡೆಯಿಂದ ನೋಡಿತು.

ಆ ಕೋವಿಯ ತುದಿಯಲ್ಲಿ ರಭಸದಿಂದ ಚಿಮ್ಮಿ ಕವಚವನ್ನು ಭೇದಿಸುವ ಉಕ್ಕಿನ ಗೂಟವಿದೆ. ಅದು ಕೆಲಸ ಮಾಡಬೇಕಾದರೆ ಯಂತ್ರದ ಮೈಗೆ ಮೈ ತಾಗುವಷ್ಟು ಸಮೀಪ ಹೋಗಬೇಕು. ಅದಕ್ಕಾಗಿ ಅವನು ನೆಲದ ಏರುತಗ್ಗು ಓದುತ್ತಾನೆ, ಬಲೆ ಹೂಡುತ್ತಾನೆ, ಕಾಯುತ್ತಾನೆ, ಓಡುತ್ತಾನೆ, ಗಾಯಗೊಳ್ಳುತ್ತಾನೆ. ಒಂದು ಹೆಜ್ಜೆ ತಪ್ಪಿದರೆ ತುಳಿತಕ್ಕೆ ಸಿಕ್ಕಿ ಸಾಯುತ್ತಾನೆ. ಪ್ರತಿ ಕಂತಿನಲ್ಲೂ ಅವನ ಸಿಟ್ಟು ತನ್ನ ಬೆಲೆಯನ್ನು ತೆತ್ತೇ ಮುಂದೆ ಸಾಗುತ್ತದೆ.

ನನ್ನ ಸಿಟ್ಟು ಏನನ್ನೂ ತೆರುವುದಿಲ್ಲ. ಅದು ಹಾಸಿಗೆಯಲ್ಲಿ ಮಲಗಿ, ಆಡದೇ ಉಳಿದ ಉತ್ತರಗಳನ್ನು ಮತ್ತೆ ಮತ್ತೆ ಹೊಸೆಯುತ್ತದೆ. ನನ್ನನ್ನು ನೋಯಿಸಿದವರ ಎದುರು ಕುಳಿತು ‘ಇದರಿಂದ ನನಗೆ ನೋವಾಯಿತು’ ಎನ್ನಲು ಬೇಕಾದ ಎದೆಗಾರಿಕೆಯನ್ನು ಅದು ಬೆಳೆಸಿಕೊಂಡಿಲ್ಲ. ದೂರದಲ್ಲೇ ಇರುವುದರಿಂದ ಅದಕ್ಕೆ ಅಪಾಯವಿಲ್ಲ. ಹಾಗಾಗಿಯೇ ಕೊನೆಯೂ ಇಲ್ಲ.

ಇದಕ್ಕಿಂತ ಆಳಕ್ಕೆ ತಾಗಿದ ಸಂಗತಿ ಇನ್ನೊಂದು. ಸತ್ತ ಸಂಗಡಿಗರ ಗುರುತಿನ ಬಿಲ್ಲೆಗಳನ್ನು ಮೆಲೋಲಿಂಕ್ ತನ್ನೊಡನೆ ಹೊತ್ತು ನಡೆಯುತ್ತಾನೆ. ತನ್ನದೇ ನೆತ್ತರಿನಿಂದ ಮುಖಕ್ಕೆ ಗೆರೆ ಎಳೆದುಕೊಳ್ಳುತ್ತಾನೆ. ಅವನ ಕೋಪದಲ್ಲಿ ಇಡೀ ತುಕಡಿಯ ಹೆಸರುಗಳಿವೆ. ನನ್ನ ಕೋಪದಲ್ಲಿರುವುದು ನನ್ನ ಹೆಸರು ಮಾತ್ರ. ತಿಂಗಳ ಸಂಬಳ ಸಿಗದ ಕಾವಲುಗಾರನ ಕಷ್ಟ ಕೇಳಿದಾಗಲೂ ನನಗೆ ಸಿಟ್ಟು ಬರುತ್ತದೆ, ಆದರೆ ಸಂಜೆಯೊಳಗೆ ಆರಿಹೋಗುತ್ತದೆ. ನನಗಾದ ಅವಮಾನವನ್ನಾದರೋ ವರ್ಷಗಟ್ಟಲೆ ಕಾಪಾಡುತ್ತೇನೆ.

ಮೆಲೋಲಿಂಕ್ ಹಿಡಿದದ್ದು ಕೊಲೆಯ ದಾರಿ. ಅದನ್ನು ನಾನು ಒಪ್ಪಲಾರೆ. ಆದರೆ ಈ ಸರಣಿ ನನ್ನ ಕೈಗೆ ಎರಡು ಪ್ರಶ್ನೆಗಳನ್ನು ಕೊಟ್ಟಿದೆ: ಈ ಸಿಟ್ಟು ಯಾರ ಪರವಾಗಿ? ಇದಕ್ಕಾಗಿ ನಾನು ಏನನ್ನು ತೆರಲು ಸಿದ್ಧ? ಇವುಗಳ ಮುಂದೆ ನನ್ನ ಎಷ್ಟೋ ಹಳೆಯ ಹಗೆಗಳು ನಿಲ್ಲುವುದಿಲ್ಲ. ಅವು ಬಿಟ್ಟ ಜಾಗದಲ್ಲಿ ಇನ್ನೊಬ್ಬರಿಗಾದ ಅನ್ಯಾಯ ಬಂದು ಕೂರಬೇಕು, ಅಷ್ಟೇ ಕಾಲ ನನ್ನ ನಿದ್ದೆ ಕೆಡಿಸಬೇಕು. ಆಗ ನಾನು ಎದ್ದು ಹೋಗಿ, ಕೇಳಬೇಕಾದವರ ಎದುರೇ ನಿಂತು ಕೇಳಿಯೇನು.