ಸ್ಕೂಲ್ ಹಾಲು, ನಮ್ಮನೆ ಹಾಲು

ಈ ಸಲ ಬೆಳೆ ವಿಷಯ ಅಲ್ಲ, ಹಾಲಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ದಸರಾ ರಜೆ ಶುರುವಾಗಿ ಎರಡನೇ ದಿನ. ಬೆಳಿಗ್ಗೆ ಹಾಲು ಕರೆದು, ಕ್ಯಾನ್ ಬೈಕಿಗೆ ಕಟ್ತಾ ಇದ್ದೆ. ಮೂರನೇ ಕ್ಲಾಸ್ ಓದೋ ಮಗಳು ಬಾಗಿಲಲ್ಲಿ ನಿಂತು "ಅಪ್ಪಾ, ರಜೇಲಿ ಹಾಲು ಕೊಡಲ್ವಾ?" ಅಂದ್ಲು. "ಇಲ್ಲ ಮಗಾ, ಸ್ಕೂಲ್ ಶುರುವಾದ್ಮೇಲೆ ಕೊಡ್ತಾರೆ" ಅಂತ ಹೇಳಿ ಹೊರಟೆ. ಡೈರಿ ಹತ್ರ ಕ್ಯಾನ್ ಇಳಿಸುವಾಗ ನಾನು ಏನು ಹೇಳಿ ಬಂದೆ ಅಂತ ಹೊಳೀತು. ಎಂಟು ಲೀಟರ್ ಹಾಲು ಕೈಯಲ್ಲಿ ಇಟ್ಕೊಂಡು, ಮಗುಗೆ ಹಾಲಿಲ್ಲ ಅಂದಿದ್ದೆ.

ನಮ್ಮನೇಲಿ ಎರಡು ಸೀಮೆಹಸು. ಕಾಫಿಗೆ ಒಂದು ಲೋಟ ತೆಗೆದಿಟ್ರೆ ಮಿಕ್ಕಿದ್ದೆಲ್ಲ ಡೈರಿಗೆ. ನಿಮ್ಮಲ್ಲೂ ಬಹಳ ಜನರ ಮನೇಲಿ ಇದೇ ಕತೆ ಅಂತ ನನಗೆ ಗೊತ್ತು. ಫೀಡ್ಸ್ ದುಡ್ಡು ಬಟವಾಡೆಯಲ್ಲೇ ಮುರ್ಕೊಳ್ತಾರೆ, ಉಳಿದಿದ್ದರಲ್ಲಿ ಮನೆ ನಡೀಬೇಕು. ಪ್ರೋತ್ಸಾಹಧನ ಬಂದಾಗ ಬಂತು.

ಆ ಪ್ರೋತ್ಸಾಹಧನಕ್ಕೂ ಸ್ಕೂಲ್ ಹಾಲಿಗೂ ನಂಟಿದೆ, ಅದನ್ನ ಮರೆತಿರ್ತೀವಿ. ಲೀಟರಿಗೆ 2 ರೂಪಾಯಿ ಅಂತ 2008ರಲ್ಲಿ ಶುರುವಾಯ್ತು. 2013ರಲ್ಲಿ 4 ಆಯ್ತು, 2016ರಲ್ಲಿ 5. ರೇಟು ಏರಿದಂಗೆ ನಾವೂ ಹಸು ಜಾಸ್ತಿ ಕಟ್ಟಿದ್ವಿ, ಹಾಲು ಉಕ್ಕಿ ಬಂತು. ಮಾರಿ ಮಿಕ್ಕಿದ ಹಾಲು ಪೌಡರ್ ಆಗಿ ಗೋಡೌನ್ ಸೇರುತ್ತೆ. 2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಬಂತು. ಕೆಎಂಎಫ್ ಪೌಡರ್ ಕೊಡುತ್ತೆ, ಸರ್ಕಾರ ದುಡ್ಡು ಕಟ್ಟುತ್ತೆ. ಮೊದಲು ವಾರಕ್ಕೆ ಮೂರು ದಿನ ಇತ್ತು, 2017ರಿಂದ ಐದು ದಿನ. 2024ರಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿಸೋಕೆ ಶುರು ಮಾಡಿದ್ರು. ಒಂದು ಮಗುಗೆ 18 ಗ್ರಾಂ ಪೌಡರ್, ಕಲಸಿದ್ರೆ 150 ಎಂಎಲ್. ಐವತ್ತು ಮಕ್ಕಳ ಶಾಲೆಗೆ ದಿನಕ್ಕೆ ಏಳೂವರೆ ಲೀಟರ್. ನಾನು ಒಂದು ಹೊತ್ತಿಗೆ ಹಾಕೋ ಹಾಲಿಗಿಂತ ಕಮ್ಮಿ.

ಅಂದ್ರೆ ಆ ಲೋಟ ಮಕ್ಕಳಿಗಷ್ಟೇ ಅಲ್ಲ, ನಮಗೂ ಸಬ್ಸಿಡಿನೇ. ನಮ್ಮ ಹಾಲಿಗೆ ಗಿರಾಕಿ ನಮ್ಮ ಮಕ್ಕಳೇ. ಇದನ್ನ ನಾನು ಕೆಟ್ಟದ್ದು ಅಂತಿಲ್ಲ. ಹಸು ಇಲ್ಲದವರ ಮಗು ಕೂಡ ನನ್ನ ಮಗಳ ಪಕ್ಕ ಕೂತು ಅದೇ ಲೋಟ ಕುಡಿಯುತ್ತೆ, ಇದಕ್ಕಿಂತ ಒಳ್ಳೇದು ಏನಿದೆ? ಆದ್ರೆ ಶನಿವಾರ, ಭಾನುವಾರ, ದಸರಾ, ಬೇಸಿಗೆ ರಜೆ? ಆ ದಿನಗಳು ಸರ್ಕಾರದ ಲೆಕ್ಕದಲ್ಲಿಲ್ಲ, ನಮ್ಮ ಲೆಕ್ಕದಲ್ಲಿ ಇರ್ಬೇಕಿತ್ತು.

ಸಂಜೆ ಮನೇಲಿ ಹೇಳಿದೆ, ಇನ್ಮೇಲೆ ದಿನಾ ಅರ್ಧ ಲೀಟರ್ ಮಗುಗೆ ಅಂತ. ನನ್ನ ಹೆಂಡ್ತಿ ಬೆರಳು ಎಣಿಸಿದ್ಲು. ತಿಂಗಳಿಗೆ 15 ಲೀಟರ್. ಪ್ರೋತ್ಸಾಹಧನವೇ 75 ರೂಪಾಯಿ ಹೋಯ್ತು, ಹಾಲಿನ ರೇಟು ಬೇರೆ. "ಸೊಸೈಟಿ ಸಾಲ ನೀವೇ ತೀರಿಸ್ತೀರಾ?" ಅಂದ್ಲು. ಅವಳ ಮಾತಲ್ಲಿ ತಪ್ಪಿಲ್ಲ. ಅಮ್ಮ ಮಾತ್ರ ಮೂಲೇಲಿ ಕೂತು "ಮೊದಲು ಮನೆಗೆ ಇಟ್ಕೊಂಡು ಮಿಕ್ಕಿದ್ದು ಮಾರ್ತಿದ್ವಿ. ಈಗ ಮಾರಿ ಮಿಕ್ಕಿದ್ರೆ ಮನೆಗೆ" ಅಂದ್ರು. ಆಮೇಲೆ ಯಾರೂ ಮಾತಾಡ್ಲಿಲ್ಲ. ಮಾರನೇ ದಿನ ಹೆಂಡ್ತಿನೇ ಪಾತ್ರೆ ತಂದು ಮುಂದಿಟ್ಲು.

ಮೊದಲ ದಿನ ಮಗಳು ಒಂದು ಗುಟುಕು ಕುಡಿದು ಮುಖ ಕಿವುಚಿದ್ಲು. "ಸ್ಕೂಲ್ ಹಾಲಿನ ತರ ಇಲ್ಲ, ಕೆನೆ ಬಂದಿದೆ." ಸೋಸಿ, ಸಕ್ಕರೆ ಹಾಕಿಕೊಟ್ವಿ. ಈಗ ರೂಢಿ ಆಗಿದೆ.

ಎರಡು ಮಾತು ಹೇಳಿ ಮುಗಿಸ್ತೀನಿ. ಎಸ್‌ಡಿಎಂಸಿಯಲ್ಲಿ ಇರೋರು ತಿಂಗಳಿಗೊಂದು ದಿನ ಶಾಲೆಗೆ ಹೋಗಿ ಆ ಹಾಲು ಕುಡಿದು ನೋಡಿ. ಗಂಟು ಇದೆಯಾ, ತೆಳ್ಳಗಿದೆಯಾ, ಪ್ಯಾಕೆಟ್ ತಾರೀಖು ಏನು, ನೋಡಿ. ಅದು ನಮ್ಮದೇ ಹಾಲು. ಇನ್ನೊಂದು, ನಾಳೆ ಕ್ಯಾನ್ ಮುಚ್ಚೋಕೆ ಮುಂಚೆ ಮನೇಲಿ ಎಷ್ಟು ಇಟ್ರಿ ಅಂತ ಒಂದ್ಸಲ ನೋಡ್ಕೊಳ್ಳಿ.