ಕೊನೆಯ ಗರಿ

ಓಲೆಗರಿಯ ಕಟ್ಟೊಂದು ಕೈಗೆ ಬಂದರೆ ಮೊದಲು ಅದರ ಕೊನೆಯ ಗರಿಯನ್ನು ನೋಡಬೇಕೆಂದು ಎಂ.ಎ. ತರಗತಿಯಲ್ಲಿ ನಾನು ವರ್ಷ ವರ್ಷವೂ ಹೇಳುತ್ತ ಬಂದಿದ್ದೇನೆ. ಪ್ರತಿ ಮಾಡಿದವನು ಯಾರು, ಯಾವ ಸಂವತ್ಸರ, ಯಾವ ತಿಥಿ, ಯಾರಿಗಾಗಿ ಬರೆದದ್ದು ಎಂಬುದೆಲ್ಲ ಸಾಮಾನ್ಯವಾಗಿ ಅಲ್ಲಿರುತ್ತದೆ; ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂಬ ವಿನಯದ ಮಾತೂ ಎಷ್ಟೋ ಕಡೆ ಇರುತ್ತದೆ. ಕೊನೆಯ ಗರಿ ಕಳೆದುಹೋದ ಪ್ರತಿಯನ್ನು ನಂಬಲೇಬಾರದೆಂದಲ್ಲ. ಹಿಂದುಮುಂದು ನೋಡಿ ನಂಬಬೇಕು. ಇಷ್ಟು ಹೇಳಿ ಕನ್ನಡಕವನ್ನು ಸರಿಪಡಿಸಿಕೊಳ್ಳುವಾಗ ನನಗೆ ನನ್ನ ಮೇಲೆಯೇ ಒಂದು ಬಗೆಯ ಗೌರವ ಹುಟ್ಟುತ್ತದೆ.

ಇಂಥ ನಾನು 2018ರ ಮೇ ತಿಂಗಳ ಒಂದು ಮಧ್ಯಾಹ್ನ, ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಒರಗಿದ್ದಾಗ, ಮೊಬೈಲಿಗೆ ಬಂದ ವಿಡಿಯೋ ಒಂದನ್ನು ನೋಡಿದೆ. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ಬರುತ್ತಾರೆ. ಹಿಂದೆ ಕುಳಿತವನು ಮಗುವೊಂದನ್ನು ಎತ್ತಿಕೊಳ್ಳುತ್ತಾನೆ, ಗಾಡಿ ಮಾಯ. ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೂ ಬಂದಿದ್ದಾರೆಂದು ಕೆಳಗೆ ಒಕ್ಕಣೆ. ನನ್ನ ಎದೆ ಝಲ್ಲೆಂದಿತು. ಒಕ್ಕಣೆಯಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಅವನ್ನು ತಿದ್ದಿ, ಮನೆಯವರ ಗುಂಪಿಗೊಮ್ಮೆ, ಹಳೆಯ ವಿದ್ಯಾರ್ಥಿಗಳ ಗುಂಪಿಗೊಮ್ಮೆ ಕಳಿಸಿ ನಿದ್ದೆ ಹೋದೆ.

ಸಂಜೆ ಫೋನು ಬಂತು. ಮಾಡಿದವಳು ನನ್ನಲ್ಲಿ ಓದಿದ ಹುಡುಗಿ; ಅಂತರ್ಜಾಲದಲ್ಲೇ ನಡೆಯುವ ಸುದ್ದಿತಾಣವೊಂದರಲ್ಲಿ ವರದಿಗಾರ್ತಿ.

“ಸರ್, ತಪ್ಪು ತಿಳಿಯಬೇಡಿ. ನೀವು ಕಳಿಸಿದ್ದು ಇಲ್ಲಿಯದಲ್ಲ, ಕರಾಚಿಯದು.”

ವಿಡಿಯೋವನ್ನು ಅಲ್ಲಲ್ಲಿ ನಿಲ್ಲಿಸಿ, ಬಿಡಿಚಿತ್ರಗಳನ್ನು ತೆಗೆದು, ಅವು ಹಿಂದೆ ಎಲ್ಲೆಲ್ಲಿ ಕಾಣಿಸಿಕೊಂಡಿದ್ದವೆಂದು ಗೂಗಲ್‌ನಲ್ಲಿ ಹುಡುಕುತ್ತಾರಂತೆ. ಹಾಗೆ ಹುಡುಕಿದಾಗ ಪೂರ್ತಿ ಪ್ರತಿ ಸಿಕ್ಕಿತ್ತು. ಮಕ್ಕಳ ರಕ್ಷಣೆಗಾಗಿ ಕರಾಚಿಯ ಸಂಸ್ಥೆಯೊಂದು ಮಾಡಿಸಿದ ಪ್ರಚಾರಚಿತ್ರ ಅದು. ಕೊನೆಯಲ್ಲಿ ಅದೇ ಗಾಡಿ ತಿರುಗಿ ಬಂದು ಮಗುವನ್ನು ಇಳಿಸುತ್ತದೆ. ಮಗುವನ್ನು ಕದಿಯಲು ಒಂದು ಗಳಿಗೆ ಸಾಕೆಂಬ ಅರ್ಥದ ಫಲಕವನ್ನು ಸವಾರರು ಎತ್ತಿ ತೋರಿಸುತ್ತಾರೆ. ಅಷ್ಟನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

“ಕೊನೆಯ ಗರಿ, ಸರ್,” ಎಂದಳು ಹುಡುಗಿ. ಮೂದಲಿಸಬೇಕೆಂದು ಆಡಿದ ಮಾತಲ್ಲ; ಅದಕ್ಕೇ ಹೆಚ್ಚು ನಾಟಿತು.

“ನಿಮ್ಮಲ್ಲಿ ಇದನ್ನು ಬರೆದೆಯೇನಮ್ಮ?”

“ಮಧ್ಯಾಹ್ನ ಬರೆದೆ ಸರ್. ಬೆಳಿಗ್ಗೆ ನಮ್ಮವರೇ ‘ವೈರಲ್’ ಅಂತ ಹಾಕಿಬಿಟ್ಟಿದ್ದರು. ಅದನ್ನು ನೋಡಿದವರೆಲ್ಲ ಇದನ್ನು ನೋಡ್ತಾರಾ?”

ಇಂಥ ತಾಣಗಳನ್ನು ಬೈಯುವುದು ನಮ್ಮ ಸ್ಟಾಫ್ ರೂಮಿನ ನಿತ್ಯಕರ್ಮ. ಕೆಡಿಸುವವರೂ ತಿದ್ದುವವರೂ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಸಂಬಳ ಎಣಿಸುತ್ತಾರೆಂದು ನನಗೆ ಹೊಳೆದಿರಲಿಲ್ಲ. ಓಲೆಯ ಕಾಲದಲ್ಲಿ ಒಂದು ತಪ್ಪು ಮುಂದಿನ ಪ್ರತಿಗೆ ಹೋಗಬೇಕಾದರೂ ಯಾರಾದರೊಬ್ಬ ಕಂಟ ಹಿಡಿದು ದಿನಗಟ್ಟಲೆ ಕೊರೆಯಬೇಕಿತ್ತು. ನನಗೆ ಹೆಬ್ಬೆರಳು ಸಾಕಾಗಿತ್ತು.

ಆ ರಾತ್ರಿಯೇ ಎರಡೂ ಗುಂಪುಗಳಿಗೆ ತಪ್ಪೊಪ್ಪಿಗೆ ಬರೆದೆ. ಒಬ್ಬರು ಕೈ ಮುಗಿದ ಚಿತ್ರ ಕಳಿಸಿದರು; ಇನ್ನೊಬ್ಬರು, ಯಾಕೋ, ಗುಲಾಬಿ ಹೂವು. ಸೋದರಮಾವ ಮಾತ್ರ, “ಹಾಗಾದರೆ ಕಳ್ಳರು ಬಂದಿಲ್ಲ ಅಂತ ನಿನಗೆ ಖಾತ್ರಿಯೇನಯ್ಯ?” ಎಂದು ಕೇಳಿದರು.

ಊರಿನಲ್ಲಿ ಅಮ್ಮನ ಮೊಬೈಲನ್ನು ಓದಿ ಹೇಳುವವನು ಪಕ್ಕದ ಮನೆಯ ಹುಡುಗ. ಮೊದಲನೆಯದನ್ನು ಓದಿದ್ದ, ಎರಡನೆಯದನ್ನು ಓದಿರಲಿಲ್ಲ. ನಾಲ್ಕು ದಿನ ಬಿಟ್ಟು ಅಮ್ಮ ತಾನಾಗಿಯೇ ಫೋನು ಮಾಡಿದಳು. “ಪಾತ್ರೆಯವನು ಬಂದಿದ್ದ ಕಣೋ. ನೀನು ಬರೆದಿದ್ದೆಯಲ್ಲ, ಅದಕ್ಕೇ ಬಾಗಿಲು ಹಾಕಿಕೊಂಡೆ. ನೀರು ಕೇಳಿದ. ಕೊಡಲಿಲ್ಲ. ಹುಡುಗರು ಅವನನ್ನು ಬಸ್‌ಸ್ಟ್ಯಾಂಡಿನ ತನಕ ಅಟ್ಟಿಕೊಂಡು ಹೋದರಂತೆ.”

ಹಳೆಯ ಸೀರೆಗೆ ಸ್ಟೀಲಿನ ಪಾತ್ರೆ ಕೊಡುವ ಆ ಮನುಷ್ಯ ಹದಿನೈದು ವರ್ಷ ನಮ್ಮ ಜಗಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದವನು. ಅಮ್ಮನೊಡನೆ ಒಂದು ಲೋಟಕ್ಕಾಗಿ ಅರ್ಧ ಗಂಟೆ ಜಗಳವಾಡಿ, ಕೊನೆಗೆ ಸೋತು ಹೋಗುತ್ತಿದ್ದವನು. ಅವನ ಊರು ಯಾವುದೆಂದು ನಾವು ಒಂದು ದಿನವೂ ಕೇಳಿರಲಿಲ್ಲ.

ಅವನು ಬಸ್ಸು ಹತ್ತಿ ಉಳಿದ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇದೇ ಸುಳ್ಳಿಗೆ ಸಿಕ್ಕಿದ ರಾಜಸ್ಥಾನದ ಯುವಕ ಉಳಿಯಲಿಲ್ಲ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿಯವರು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆ ದಾಟಿಸಲಾಗದಂತೆ ಮಿತಿ ಹಾಕುವುದಾಗಿ ಸಾರಿದರು.

ನಾನು ಕಳಿಸಿದ್ದು ಎರಡೇ ಕಡೆಗೆ.

ಪಾತ್ರೆಯವನು ಮರುವರ್ಷ ಬರಲಿಲ್ಲ, ಆಮೇಲೂ ಬಂದಿಲ್ಲ. ಅಮ್ಮ ಹಳೆಯ ಸೀರೆಗಳನ್ನು ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಯಾರಿಗಾದರೂ ಕೊಟ್ಟುಬಿಡಮ್ಮ ಎಂದರೆ, ಇರಲಿ, ಅವನು ಬಂದರೆ ಎನ್ನುತ್ತಾಳೆ.